ಕೊಲೆಗಾರ್ತಿಯ ಹೆಸರಿದ್ದ ಕಥಾಸಾರ

"ಅಲ್ಲ, ಕೊಂದಾಕಿ ನಾದಿನಿ ಅಂತ ನೀನ ಬರದೀಯಲ್ಲ, ಇನ್ನ ಹೋಗಿ ನೋಡೂದರ ಏನೈತಿ ಅದರಾಗ?"

ರುದ್ರಪ್ಪ ಇದನ್ನು ಕೇಳಿದ್ದು ಬುಧವಾರ ಸಂಜೆ. ಕೇರಳದ ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಚಹಾದ ಲೋಟ ಹಿಡಿದು ಕೂತವನ ಕಣ್ಣಿಗೆ ಹೆಂಡತಿಯ ಬ್ಯಾಗಿನ ಪಕ್ಕ ಬಿದ್ದಿದ್ದ ಹಾಳೆ ಕಂಡಿತ್ತು. ಸಿನಿಮಾ ಎಂದರೆ ಕೂತಲ್ಲೇ ನಿದ್ದೆ ಹೋಗುವ ಮನುಷ್ಯ ಅವನು. ಓದಲು ಬೇರೇನೂ ಇರಲಿಲ್ಲವೆಂದು ಓದಿದ್ದ, ಅಷ್ಟೇ.

ದಾಕ್ಷಾಯಣಿ ಒಲೆಯ ಮುಂದಿನಿಂದ ತಿರುಗಿದಳು. ರೊಟ್ಟಿ ಹಂಚಿನ ಮೇಲೆ ಉಬ್ಬಿತ್ತು.

"ಏನಂದ್ರಿ?"

"ನಾ ಏನಂದೆ? ನೀ ಬರದದ್ದನ್ನ ಅಂದೆ. ಪತ್ತೇದಾರಿ ಸಿನಿಮಾ, ಯಾರು ಕೊಂದ್ರು ಅಂತ ಪೊಲೀಸ ಹುಡುಕ್ತಾನ, ಅಂತ ಮ್ಯಾಲ ಬರದೀ. ಕೆಳಗ ಇಂಥಾಕಿನ ಕೊಂದಾಕಿ ಅಂತ ಬರದೀ. ಹುಡುಕೂದ ತಪ್ಪಿಸಿಬಿಟ್ಟಿ, ಪಾಪ ಪೊಲೀಸಗ ಚೊಲೋ ಆತು."

ಅವನು ತನ್ನ ಮಾತಿಗೆ ತಾನೇ ನಕ್ಕ. ಅವಳು ನಗಲಿಲ್ಲ. ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು ಕಿಟಕಿಯ ಬಳಿ ಹೋಗಿ, ತಾನೇ ಬರೆದು ತಾನೇ ಮೂರು ಸಲ ತಿದ್ದಿದ್ದ ಆ ಒಂದು ಪುಟವನ್ನು ಬೇರೆ ಯಾರೋ ಬರೆದದ್ದು ಎಂಬಂತೆ ಓದಿದಳು. ಹಂಚಿನ ಮೇಲಿನ ರೊಟ್ಟಿ ಕರಕಲಾಗಿ ವಾಸನೆ ಬಂದಾಗ ರುದ್ರಪ್ಪನೇ ಎದ್ದುಹೋಗಿ ಒಲೆ ಆರಿಸಿದ.

ನೂರ ಹದಿನೆಂಟು ಪ್ರತಿಗಳು ಮಂಗಳವಾರವೇ ಅಂಚೆಗೆ ಬಿದ್ದಿದ್ದವು. ಚಿತ್ರ ಇದ್ದದ್ದು ಭಾನುವಾರ ಬೆಳಿಗ್ಗೆ.

ಹೀಗೊಂದು ತಪ್ಪು ಹೇಗಾಯಿತು ಎಂದರೆ, ಅದು ಹನ್ನೊಂದು ವರ್ಷಗಳ ಒಳ್ಳೆಯ ಅಭ್ಯಾಸದಿಂದ ಆದ ತಪ್ಪು. ಎರ್ನಾಕುಲಂನ ಒಂದು ಹಳೆಯ ವಾಚನಾಲಯದ ಮಹಡಿಯ ಮೇಲೆ ತಿಂಗಳಿಗೊಂದು ಭಾನುವಾರ ಹೊರದೇಶದ ಚಿತ್ರ ತೋರಿಸುವ ಸಂಘ ಅದು. ಸದಸ್ಯರಲ್ಲಿ ಮುಕ್ಕಾಲು ಪಾಲು ಐವತ್ತು ದಾಟಿದವರು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದುವಷ್ಟರಲ್ಲಿ ಮುಖಗಳು ಹೋಗಿಬಿಡುತ್ತವೆ, ಮುಖ ನೋಡಿದರೆ ಸಾಲು ಹೋಗುತ್ತದೆ ಎಂಬುದು ಎಲ್ಲರ ದೂರು. ಅದಕ್ಕೇ ಸಂಘದಲ್ಲಿ ಒಂದು ಪದ್ಧತಿ. ಚಿತ್ರಕ್ಕೆ ಮೂರು ನಾಲ್ಕು ದಿನ ಮೊದಲೇ ಇಡೀ ಕಥೆ, ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ, ಒಂದು ಹಾಳೆಯಲ್ಲಿ ಮನೆಗೆ ತಲುಪಬೇಕು. ಒಂದು ಮಗ್ಗುಲು ಇಂಗ್ಲಿಷ್, ಇನ್ನೊಂದು ಮಗ್ಗುಲು ಮಲಯಾಳಂ. ಇಂಗ್ಲಿಷ್ ದಾಕ್ಷಾಯಣಿಯದು, ಮಲಯಾಳಂ ಅವಳ ಗೆಳತಿ ಗ್ರೇಸಿಯದು.

ಆ ಕೆಲಸ ಅವಳಿಗೆ ಬಂದದ್ದೂ ಸಹಜವಾಗಿಯೇ. ರೋಣದ ಕಡೆಯವಳು. ಮದುವೆಯಾಗಿ ಏಲೂರಿನ ಕ್ವಾರ್ಟರ್ಸಿಗೆ ಬಂದಾಗ ಇಪ್ಪತ್ತೇಳು. ಆಮೇಲೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸ್ಟೆನೋ ಆದಳು. ಇನ್ನೊಬ್ಬರು ಹೇಳಿದ್ದನ್ನು ಕೇಳಿ, ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಬರೆಯುವುದು ಅವಳ ಉದ್ಯೋಗ. ಕಥಾಸಾರವನ್ನೂ ಹಾಗೇ ಬರೆದಳು. "ದಾಕ್ಷಾಯಣಿ ಬರೆದರೆ ಚಿತ್ರ ನೋಡದಿದ್ದರೂ ನಡೀತದೆ" ಎಂದು ಸಂಘದಲ್ಲಿ ಹೊಗಳುತ್ತಿದ್ದರು. ಚಿತ್ರ ಹೇಗಿದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಸಂಘದಿಂದ ಪ್ರತಿ ಡಿಸೆಂಬರಿನಲ್ಲಿ ಒಬ್ಬರು ತಿರುವನಂತಪುರದ ಚಿತ್ರೋತ್ಸವಕ್ಕೆ ಹೋಗುತ್ತಾರೆ. ಅಲ್ಲಿ ನೋಡಿದ್ದರಲ್ಲಿ ಒಂದನ್ನು ಆರಿಸಿ ಬಂದರೆ, ಅದನ್ನು ಹೇಗಾದರೂ ತರಿಸಿ ಇಲ್ಲಿ ತೋರಿಸುತ್ತಾರೆ. ಚಿತ್ರ ಮುಗಿದ ಮೇಲೆ ನೋಡಿದವರೆಲ್ಲ ಒಂದೊಂದು ಚೀಟಿ ಬರೆಯಬೇಕು: ಇದನ್ನು ಇನ್ನೊಬ್ಬರಿಗೆ ನೋಡಿ ಎಂದು ಹೇಳುತ್ತೀರಾ, ಹೌದೋ ಇಲ್ಲವೋ, ಯಾಕೆ. ಆರಿಸಿದವರೇ ಎಲ್ಲರೆದುರು ನಿಂತು ಆ ಚೀಟಿಗಳನ್ನು ಒಂದೂ ಬಿಡದೆ ಓದಬೇಕು. ಹೌದು ಹೆಚ್ಚಾದರೆ ಮುಂದಿನ ಡಿಸೆಂಬರಿಗೂ ಅವರೇ. ಇಲ್ಲವಾದರೆ ಪಟ್ಟಿಯ ಮುಂದಿನ ಹೆಸರು. ಪಟ್ಟಿಯಲ್ಲಿ ಇಪ್ಪತ್ತಮೂರು ಹೆಸರುಗಳಿದ್ದವು. ಎರಡು ಸಾವಿರದ ಐದರಲ್ಲಿ ಮೊದಲ ಬಾರಿಗೆ ದಾಕ್ಷಾಯಣಿಯ ಸರದಿ ಬಂತು. ಅವಳಿಗೆ ನಲವತ್ತೊಂಬತ್ತು. ಈಗ ತಪ್ಪಿದರೆ ಮತ್ತೆ ಸುತ್ತಿ ಬರುವ ಹೊತ್ತಿಗೆ ಎಪ್ಪತ್ತು ದಾಟುತ್ತದೆ ಎಂದು ಅವಳು ರೈಲಿನಲ್ಲೇ ಲೆಕ್ಕ ಹಾಕಿದ್ದಳು.

ತಿರುವನಂತಪುರದ ತಂಪಾನೂರಿನ ಲಾಡ್ಜಿನಲ್ಲಿ ಐದು ದಿನ. ಕುತ್ತಿಗೆಗೆ ಪಾಸು, ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಬಾಳೆಹಣ್ಣು, ನೀರಿನ ಬಾಟಲಿ. ದಿನಕ್ಕೆ ನಾಲ್ಕು ಚಿತ್ರ. ಬೆಳಿಗ್ಗೆ ಏಳಕ್ಕೇ ಎದ್ದು, ಬೀದಿ ತಿರುವಿನಲ್ಲಿ ದೋಸೆ ತಿಂದು ಸಾಲಿಗೆ ನಿಲ್ಲುವಾಗ, ಈ ಐದು ದಿನ ತಾನು ಯಾರಿಗೂ ಏನನ್ನೂ ಬರೆದುಕೊಡಬೇಕಾಗಿಲ್ಲ ಎಂಬ ಯೋಚನೆಯೇ ಅವಳಿಗೆ ಹೊಸ ಸೀರೆಯ ಹಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಅವಳು ನಿಂತದ್ದು ಬೆಲ್ಜಿಯಂನ ಒಂದು ಸಣ್ಣ ಚಿತ್ರಕ್ಕೆ, ಬೇರೆಡೆ ಜಾಗ ಸಿಗದ್ದರಿಂದ. ಹೆಸರು 'ಒಣಗಲು ಹಾಕಿದ ಕೋಟು'. ಅದೇ ಚಿತ್ರದ ಹಿಂದಿನ ಪ್ರದರ್ಶನ ಬಿಟ್ಟು ಜನ ಹೊರಬರುತ್ತಿದ್ದರು. ಅಲ್ಲಿ ಎಲ್ಲರೂ ಜೋರಾಗಿಯೇ ಅಭಿಪ್ರಾಯ ಹೇಳುವವರು.

"ಕ್ಯಾಮೆರಾ ಪರವಾಗಿಲ್ಲ. ಕಥೆ ಮಾತ್ರ ಟೀವಿಗೆ ಸಾಕು."

"ನಾದಿನಿಯೇ ಅಂತ ನನಗೆ ಅರ್ಧ ಗಂಟೆಗೇ ಗೊತ್ತಾಯ್ತು."

"ಸುಳ್ಳು! ನೀನು ಆ ಮನೆಯಲ್ಲಿ ಬಾಡಿಗೆಗಿದ್ದವನು ಅಂತಿದ್ದೆ. ನನ್ನ ಕಿವಿಯಲ್ಲೇ ಹೇಳಿದ್ದೆ."

ಹಾಗಾಗಿ, ಬೇಕರಿಯವನ ಹೆಂಡತಿಯನ್ನು ನಾಲೆಗೆ ತಳ್ಳಿದ್ದು ಬೇಕರಿಯವನ ತಂಗಿ ಎಂದು ತಿಳಿದೇ ದಾಕ್ಷಾಯಣಿ ಒಳಗೆ ಹೋದಳು. ತಿಳಿದೇ ನೋಡಿದಳು. ಪೊಲೀಸು ಪ್ರತಿದಿನ ಬಂದು ಬೇಕರಿಯಲ್ಲಿ ಕೂರುತ್ತಾನೆ. ಆ ತಂಗಿ ಪ್ರತಿದಿನ ಕಾಫಿ ಕೊಡುತ್ತಾಳೆ. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ, ಒದ್ದೆಯಿಲ್ಲದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾಳೆ. ಒಲೆಯ ಹಿಂದೆ, ಆ ದಿನ ನಾಲೆಯ ನೀರಲ್ಲಿ ನೆನೆದ ಅವಳ ಕೋಟು ನೇತುಬಿದ್ದಿದೆ. ಒಣಗಿ ಎಷ್ಟೋ ದಿನವಾದರೂ ಅದನ್ನು ತೆಗೆಯಲು ಅವಳಿಗೆ ಧೈರ್ಯವಿಲ್ಲ, ತೆಗೆದರೆ ಯಾರಾದರೂ ಗಮನಿಸಿಯಾರು. ಎಂಬತ್ತೆಂಟು ನಿಮಿಷ ದಾಕ್ಷಾಯಣಿ ಆ ಕೈಗಳನ್ನೇ ನೋಡಿದಳು. ಹೊರಗೆ ಬಂದಾಗ ಅವಳ ಸೆರಗಿನ ತುದಿ ಅವಳದೇ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಇದೇ, ಎಂದುಕೊಂಡಳು. ಇದೇ ಚಿತ್ರ.

ಸಮಿತಿಯಲ್ಲಿ ಎಲ್ಲರೂ ಮುಖ ಗಂಟಿಕ್ಕಿದರು. ಪತ್ತೇದಾರಿ ಚಿತ್ರ ಈ ಸಂಘದಲ್ಲಿ ಇದುವರೆಗೆ ಬಂದಿರಲಿಲ್ಲ. ಅಧ್ಯಕ್ಷ ದಾಮೋದರನ್ ಮಾಷ್ ಒಬ್ಬರೇ, ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ದನಿಯಲ್ಲಿ, "ಅವಳು ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಿ ಬಿಟ್ಟು ಇಷ್ಟ ಅಂದಿದ್ದಾಳೆ. ತೋರಿಸೋಣ" ಎಂದರು.

ಕಥಾಸಾರ ಬರೆಯಲು ಕೂತಾಗ ಕೊನೆಯನ್ನು ಮುಚ್ಚಿಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅವಳ ಮಟ್ಟಿಗೆ ಆ ಚಿತ್ರದಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಗುರುವಾರ ಕಚೇರಿಗೆ ಹೋದವಳೇ ಗ್ರೇಸಿಗೆ ಫೋನು ಮಾಡಿದಳು. ಗ್ರೇಸಿ ಕಳಮಶ್ಶೇರಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಇವಳನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವವಳು.

"ಗ್ರೇಸಿ, ಹಾಳೆಯಲ್ಲಿ ಕೊಲೆಗಾರ್ತಿಯ ಹೆಸರಿದೆ."

"ಹೌದು ಚೇಚಿ, ಇದೆ."

"ಇರಬಾರದಿತ್ತು."

"ಅಯ್ಯೋ, ನನ್ನ ಕರ್ತನೇ!" ಎಂದಳು ಗ್ರೇಸಿ. "ನೀವು ಬರೆದದ್ದನ್ನು ನಾನು ಬರೆದೆ ಚೇಚಿ. ಅಕ್ಷರ ಚೆನ್ನಾಗಿ ಬಂತು ಅಂತ ಖುಷಿಯೂ ಪಟ್ಟೆ."

ಆ ದಿನ ಅಧಿಕಾರಿ ಹೇಳಿಬರೆಸಿದ ಎರಡು ಪತ್ರಗಳಲ್ಲಿ ದಾಕ್ಷಾಯಣಿ ಐದು ತಪ್ಪು ಮಾಡಿದಳು. ಊಟದ ಡಬ್ಬಿ ತೆರೆಯಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ನೂರ ಹದಿನೆಂಟು ಮನೆಗಳಲ್ಲಿ ಅಂಚೆಯವನು ಗೇಟಿನ ಕೊಂಡಿಗೆ ಹಾಳೆ ಸಿಕ್ಕಿಸಿ ಹೋಗುವುದು ಅವಳಿಗೆ ಒಂದೊಂದಾಗಿ ಕಾಣತೊಡಗಿತು. ಕಚೇರಿ ಬಿಟ್ಟವಳು ನೇರ ಮಾಷ್ ಮನೆಗೆ ನಡೆದಳು.

ಮಾಷ್ ಹಾಳೆಯನ್ನು ಆಗಲೇ ಓದಿದ್ದರು. ಕನ್ನಡಕ ಹಣೆಗೇರಿಸಿ, "ದಾಕ್ಷಾಯಣೀ, ನೀನು ಪರೀಕ್ಷೆಯ ದಿನ ಬಾಗಿಲಲ್ಲೇ ಉತ್ತರ ಹಂಚಿಬಿಟ್ಟೆ" ಎಂದರು.

"ಈಗ ಏನು ಮಾಡೋದು ಮಾಷ್? ಚೀಟಿಯೆಲ್ಲ 'ಇಲ್ಲ' ಅಂತಲೇ ಬರುತ್ತೆ."

"ಬರುತ್ತೆ. ಚಿತ್ರ ಚೆನ್ನಾಗಿದ್ದರೂ ಬರುತ್ತೆ." ಅವರು ಸ್ವಲ್ಪ ಹೊತ್ತು ಕುರ್ಚಿಯ ಕೈ ತಟ್ಟುತ್ತಾ ಕೂತರು. ಆಮೇಲೆ ಮುಖ ಅರಳಿತು. "ಒಂದು ಚೀಟಿ ಹಂಚು. ಕಥಾಸಾರದಲ್ಲಿ ಕೊಲೆಗಾರರ ಹೆಸರು ತಪ್ಪಾಗಿ ಅಚ್ಚಾಗಿದೆ, ಕ್ಷಮಿಸಿ. ಅಷ್ಟೇ! ಜನ ಮತ್ತೆ ಎಲ್ಲರ ಮೇಲೂ ಅನುಮಾನಪಡೋಕೆ ಶುರುಮಾಡ್ತಾರೆ."

"ಕೊನೆಗೆ ಅವಳೇ ಅಂತ ಗೊತ್ತಾಗುತ್ತಲ್ಲ?"

"ಕೊನೆಗೆ ತಾನೇ! ಆಗ ಇನ್ನೂ ದೊಡ್ಡ ತಿರುವು. ನಿರ್ದೇಶಕನಿಗೂ ಹೊಳೆದಿರಲಿಕ್ಕಿಲ್ಲ."

"ಸುಳ್ಳಾಗುತ್ತೆ ಮಾಷ್."

"ಸುಳ್ಳಲ್ಲ, ಉಪಾಯ. ನಿನಗೆ ಮುಂದಿನ ಡಿಸೆಂಬರ್ ಬೇಕೋ ಬೇಡವೋ?"

ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಶನಿವಾರ ಅವಳು ಮನೆಯ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಆ ಒಂದೇ ಸಾಲನ್ನು ಬೆರಳಚ್ಚು ಮಾಡಿದಳು. ಕೆಳಗೆ ಗ್ರೇಸಿಯಿಂದ ಬರೆಸಿ ತಂದಿದ್ದ ಮಲಯಾಳಂ ಸಾಲು ಅಂಟಿಸಿ ಎಪ್ಪತ್ತು ಪ್ರತಿ ಮಾಡಿಸಿದಳು. ಕತ್ತರಿಸಿ, ಕಟ್ಟು ಕಟ್ಟಿ, ಬ್ಯಾಗಿನ ತಳದಲ್ಲಿಟ್ಟಳು. ಹನ್ನೊಂದು ವರ್ಷಗಳಲ್ಲಿ ಅವಳು ಬರೆದ ಮೊದಲ ಸುಳ್ಳು, ಅದೂ ಎರಡು ಭಾಷೆಗಳಲ್ಲಿ. ಊಟಕ್ಕೆ ಕೂತಾಗ ಅನ್ನವನ್ನು ತಟ್ಟೆಯ ಅಂಚಿಗೆ ದೂಡುತ್ತಿದ್ದಳು.

"ನಾ ಬಾಯಿ ಮುಚ್ಕೊಂಡು ಚಹಾ ಕುಡಿಬೇಕಿತ್ತು" ಎಂದ ರುದ್ರಪ್ಪ.

"ನೀವು ಹೇಳದಿದ್ರ ನಂಗ ಗೊತ್ತ ಆಗ್ತಿದ್ದಿಲ್ಲ. ಅಲ್ಲೇ ಎಲ್ಲಾರ ಮುಂದ ಗೊತ್ತಾಗ್ತಿತ್ತು."

"ಹಂಗಂದ್ರ ನಾ ಒಳ್ಳೇದ ಮಾಡೀನಿ?"

"ಸುಮ್ಮ ಉಣ್ರಿ."

ಭಾನುವಾರ ಒಂಬತ್ತಕ್ಕೇ ಅವಳು ವಾಚನಾಲಯದ ಮಹಡಿ ಹತ್ತಿದಳು. ಪ್ರೊಜೆಕ್ಟರಿನ ವೈರು ಎಳೆದಾಗಿತ್ತು. ಮಾಷ್ ದೂರದಿಂದಲೇ ಹುಬ್ಬು ಹಾರಿಸಿ, ತಂದಿದ್ದೀಯಾ ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಬಾಗಿಲ ಬಳಿ ಮೇಜು ಹಾಕಿಕೊಂಡು ಚೀಟಿಯ ಕಟ್ಟು ಬಿಚ್ಚುತ್ತಿದ್ದಾಗ ಮೊದಲು ಮೆಟ್ಟಿಲೇರಿ ಬಂದವರು ಸುಬ್ಬಲಕ್ಷ್ಮಿ ಅಮ್ಮ. ಎಪ್ಪತ್ತೆಂಟರ ಮುದುಕಿ, ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಇನ್ನೊಂದಕ್ಕೆ ಆಗಬೇಕಿತ್ತು. ಪರದೆಯ ಮೇಲಿನ ಅಕ್ಷರ ಅವರಿಗೆ ಇರುವೆಯ ಸಾಲು. ಕಥಾಸಾರವನ್ನು ಮನೆಯಲ್ಲಿ ಭೂತಗನ್ನಡಿ ಹಿಡಿದು ಓದಿ ಬಾಯಿಪಾಠ ಮಾಡಿಕೊಂಡು ಬಂದು ಚಿತ್ರ ನೋಡುವವರು ಅವರು.

"ಮೂರು ಸಲ ಓದಿದೆ ಮೋಳೇ" ಎಂದು, ಮಗಳನ್ನು ಕರೆಯುವ ಹಾಗೆ ಕರೆದು, ಅವಳ ಕೈ ಹಿಡಿದುಕೊಂಡರು. "ಒಂದೇ ಒಂದು ಹೇಳು. ಆ ನಾದಿನಿ ಯಾವ ಬಣ್ಣದ ಬಟ್ಟೆ ಹಾಕ್ತಾಳೆ? ನನಗೆ ಮುಖ ಸರಿಯಾಗಿ ಕಾಣೋದಿಲ್ಲ. ಮೊದಲಿಂದಲೇ ಅವಳನ್ನು ಹಿಡಿದುಕೊಳ್ಳಬೇಕು."

ದಾಕ್ಷಾಯಣಿಯ ಕೈಯಲ್ಲಿ ಚೀಟಿಯ ಕಟ್ಟಿತ್ತು. ಒಂದು ಚೀಟಿ ಕೊಟ್ಟರೆ ಸಾಕು, ಈ ಮುದುಕಿ ಒಂದೂವರೆ ಗಂಟೆ ಬೇರೆ ಯಾರನ್ನೋ ಹಿಡಿದುಕೊಂಡು ಕೂತಿರುತ್ತಾಳೆ. ಕೊನೆಯಲ್ಲಿ ದೀಪ ಹತ್ತಿದಾಗ ತಾನು ಯಾರನ್ನು ನೋಡಿದೆ ಎಂದೇ ತಿಳಿಯದೆ ಮನೆಗೆ ಹೋಗುತ್ತಾಳೆ.

"ನೀಲಿ" ಎಂದಳು. "ನೀಲಿ ಬಟ್ಟೆ, ಮೇಲೆ ಬಿಳಿ ಏಪ್ರನ್. ಕೈ ಒರೆಸಿಕೊಳ್ತಾ ಇರ್ತಾಳೆ, ನೋಡಿ."

ಕಟ್ಟನ್ನು ಬ್ಯಾಗಿಗೆ ಹಾಕಿ ಜಿಪ್ಪೆಳೆದಳು. ಮಾಷ್ ಬಂದು ಪಿಸುಗುಟ್ಟಿದರು: "ಏನಾಯ್ತು?"

"ಹಂಚೋದಿಲ್ಲ ಮಾಷ್."

"ಸೋಲ್ತೀಯ."

"ನನಗೂ ಹಾಗೇ ಅನ್ನಿಸ್ತಿದೆ" ಎಂದಳು.

ಹತ್ತಕ್ಕೆ ಐದು ನಿಮಿಷವಿದ್ದಾಗ ಅವಳು ಪರದೆಯ ಮುಂದೆ ನಿಂತಳು. ಇಪ್ಪತ್ತೆರಡು ವರ್ಷವಾದರೂ ಅವಳ ಮಲಯಾಳಂನಲ್ಲಿ ರೋಣದ ಬಿಸಿಲು ಇದ್ದೇ ಇತ್ತು. "ಕಥಾಸಾರದಲ್ಲಿ ಕೊನೆಯನ್ನೂ ಬರೆದುಬಿಟ್ಟಿದ್ದೇನೆ. ಇಂಥ ಚಿತ್ರಕ್ಕೆ ಬರೆಯಬಾರದಿತ್ತು. ನನ್ನದೇ ತಪ್ಪು, ಗ್ರೇಸಿಯದಲ್ಲ. ನಾನೂ ಕೊನೆ ಗೊತ್ತಿದ್ದೇ ನೋಡಿದ್ದು. ಹಾಗಾಗಿ ಗೊತ್ತಿರಬಾರದು ಅಂತ ನನಗೆ ತೋಚಲಿಲ್ಲ." ಹಿಂದಿನ ಸಾಲಿನಿಂದ ಯಾರೋ, "ಪರವಾಗಿಲ್ಲ ಚೇಚಿ, ನನ್ನ ಹೆಂಡತಿ ಯಾವ ಚಿತ್ರದ ಕೊನೆಯನ್ನೂ ಉಳಿಸೋದಿಲ್ಲ" ಎಂದರು. ನಗು ಎದ್ದಿತು. ದೀಪ ಆರಿತು.

ಅವಳು ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಪರದೆಯನ್ನಲ್ಲ, ತಲೆಗಳನ್ನು ನೋಡಿದಳು. ಇಪ್ಪತ್ತನೆಯ ನಿಮಿಷಕ್ಕೆ ಇಬ್ಬರು ಎದ್ದುಹೋದರು. ಒಬ್ಬರು ಆಕಳಿಸಿದರು, ಆಕಳಿಕೆ ಪಕ್ಕದವರಿಗೆ ದಾಟಿತು. ಪೊಲೀಸು ಬಾಡಿಗೆಯವನನ್ನು ಗದರಿಸುವಾಗ, "ಪಾಪ, ಸುಮ್ಮನೆ ಅವನನ್ನು" ಎಂದು ಯಾರೋ ಅಂದದ್ದಕ್ಕೆ ನಾಲ್ಕಾರು ಜನ ನಕ್ಕರು. ನಗಬೇಕಾದ ದೃಶ್ಯವಲ್ಲ ಅದು. ದಾಕ್ಷಾಯಣಿ ಕುರ್ಚಿಯ ಅಂಚಿಗೆ ಬಂದಳು. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತುಬಿಡೋಣ ಎನ್ನಿಸಿತು.

ಆಮೇಲೆ ಪೊಲೀಸು ಬೇಕರಿಗೆ ಬಂದ. ಗಂಟೆ ಬಾರಿಸಿತು. ನೀಲಿ ಬಟ್ಟೆಯವಳು ಕೈ ಒರೆಸಿಕೊಂಡಳು. ಅವನು ಕಾಫಿ ಚೆನ್ನಾಗಿದೆ ಎಂದ. ಇವತ್ತು ಚಳಿ ಹೆಚ್ಚು ಎಂದ. ಒಲೆಯ ಕಡೆಗೆ ಕುರ್ಚಿ ಎಳೆದುಕೊಂಡ. ಕೋಟು ಅವನ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ.

"ಅಯ್ಯೋ, ಆ ಕೋಟು ತೆಗೆದಿಡೇ ಮಗಳೇ!"

ಸುಬ್ಬಲಕ್ಷ್ಮಿ ಅಮ್ಮ. ತುಸು ಕಿವುಡಾದ್ದರಿಂದ ಅವರ ಪಿಸುಮಾತೂ ಸಭಾಂಗಣಕ್ಕೆಲ್ಲ ಕೇಳುತ್ತದೆ. ಈ ಸಲ ಯಾರೂ ನಗಲಿಲ್ಲ. ಫ್ಯಾನುಗಳ ಸದ್ದು ಮಾತ್ರ ಕೇಳಿತು. ದಾಕ್ಷಾಯಣಿ ಆಗ ಪರದೆಯ ಕಡೆ ತಿರುಗಿದಳು. ಕೊನೆಯವರೆಗೂ ಮತ್ತೆ ತಲೆಗಳನ್ನು ನೋಡಲಿಲ್ಲ.

ಚೀಟಿಗಳು ಬಿಸ್ಕತ್ತಿನ ಡಬ್ಬಿ ತುಂಬಿದವು. ಐವತ್ತನಾಲ್ಕು. ಅವಳು ಒಂದೊಂದಾಗಿ ತೆಗೆದು ಓದಿದಳು. ಮಾಷ್ ಹಲಗೆಯ ಮೇಲೆ ಗೆರೆ ಎಳೆದರು.

"ಇಲ್ಲ. ಕೊಲೆಗಾರ್ತಿಯನ್ನು ಅಂಚೆಯವನೇ ನಮ್ಮ ಮನೆಗೆ ತಂದು ಕೊಟ್ಟ."

"ಹೌದು. ಗೊತ್ತಿದ್ದೂ ಹೆದರಿದೆ. ಯಾಕೆ ಎಂದು ಗೊತ್ತಿಲ್ಲ."

"ಇಲ್ಲ. ಇನ್ನು ಪ್ರೇಮಕಥೆ ತಂದರೆ ಮದುವೆಯ ಆಲ್ಬಮ್ಮನ್ನೂ ಮೊದಲೇ ಕಳಿಸಿ."

"ಇಲ್ಲ. ಸಣ್ಣ ಚಿತ್ರ. ಒಂದು ಬೀದಿ, ಐದು ಜನ. ನಮ್ಮ ಬೀದಿಯಲ್ಲೇ ಇದಕ್ಕಿಂತ ಹೆಚ್ಚು ನಡೆಯುತ್ತದೆ."

"ಹೌದು. ಆ ಹುಡುಗಿಯ ಕೈಗಳಿಗಾಗಿ."

ಅವಳು ಒಂದಕ್ಷರ ಬಿಡಲಿಲ್ಲ. ಸುಬ್ಬಲಕ್ಷ್ಮಿ ಅಮ್ಮ ಚೀಟಿಯಲ್ಲಿ ದೊಡ್ಡದಾಗಿ "ಹೌದು" ಎಂದಷ್ಟೇ ಬರೆದಿದ್ದರು, ಅದೂ ಅಡ್ಡಡ್ಡ. ಇಪ್ಪತ್ತೈದು–ಇಪ್ಪತ್ತೈದಕ್ಕೆ ಗೆರೆಗಳು ಸಮವಾದಾಗ ಸಭೆಯಲ್ಲಿ ಗುಸುಗುಸು ನಿಂತಿತು. ಆಮೇಲೆ ಒಂದು 'ಇಲ್ಲ'. ಒಂದು 'ಹೌದು'. ಮತ್ತೊಂದು 'ಇಲ್ಲ'. ಡಬ್ಬಿಯ ತಳದಲ್ಲಿ ಉಳಿದದ್ದು ಒಂದೇ ಚೀಟಿ. ಬಿಡಿಸುತ್ತಿದ್ದಂತೆ ಅಕ್ಷರ ಯಾರದೆಂದು ತಿಳಿಯಿತು. ಹನ್ನೊಂದು ವರ್ಷ ತನ್ನ ಹಾಳೆಯ ಹಿಂಬದಿಯಲ್ಲಿ ನೋಡಿದ ಅಕ್ಷರ.

"ಇಲ್ಲ" ಎಂದು ಓದಿದಳು. "ಪೊಲೀಸು ಇಷ್ಟು ದಡ್ಡನಾಗಿರಲು ಸಾಧ್ಯವಿಲ್ಲ."

ಇಪ್ಪತ್ತಾರು, ಇಪ್ಪತ್ತೆಂಟು. ಮಾಷ್ ಸೀಮೆಸುಣ್ಣ ಕೆಳಗಿಟ್ಟು ಕೈ ಝಾಡಿಸಿಕೊಂಡರು. ಪಟ್ಟಿ ತೆಗೆದು ಮುಂದಿನ ಹೆಸರು ಓದಿದರು. ಚಪ್ಪಾಳೆ ತಟ್ಟಿದರು ಜನ, ಯಾರಿಗೆಂದು ಸರಿಯಾಗಿ ತಿಳಿಯದ ಚಪ್ಪಾಳೆ. ದಾಕ್ಷಾಯಣಿ ಡಬ್ಬಿಯ ಮುಚ್ಚಳ ಹಾಕಿದಳು. ಮುಂದಿನ ಡಿಸೆಂಬರಿನ ಐದು ಬೆಳಗುಗಳು ಹೋದವು.

ಕಳಮಶ್ಶೇರಿಯವರೆಗೆ ಗ್ರೇಸಿಯದೂ ಅವಳದೂ ಒಂದೇ ದಾರಿ. ಬಸ್‌ಸ್ಟಾಪಿನವರೆಗೆ ಇಬ್ಬರೂ ನಡೆದರು.

"ಚೇಚಿ, ಬೇಜಾರಾಯ್ತಾ?" ಎಂದಳು ಗ್ರೇಸಿ. "ಸುಳ್ಳು ಬರೆಯೋಕೆ ಮನಸ್ಸು ಬರಲಿಲ್ಲ. ಒಂದು ಹೌದು ಬರೆದಿದ್ದರೆ ಸಮವಾದರೂ ಆಗ್ತಿತ್ತು. ಅದು ಕೊನೆಯ ಚೀಟಿ ಅಂತ ನನಗೇನು ಗೊತ್ತು?"

"ಬೇಜಾರಾಯ್ತು" ಎಂದಳು ದಾಕ್ಷಾಯಣಿ. ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದವಳು ಫಕ್ಕನೆ ತಿರುಗಿದಳು. "ಆದರೆ ಪೊಲೀಸು ದಡ್ಡ ಅಂತ ಯಾರು ಹೇಳಿದ್ದು ನಿನಗೆ?"

"ಕೋಟು ಬೆನ್ನ ಹಿಂದೆ ಇದೆ, ಅವನಿಗೆ ಕಾಣೋದಿಲ್ಲ!"

"ಕಾಣುತ್ತೆ. ಮೊದಲ ದಿನವೇ ಕಂಡಿದೆ. ಇಲ್ಲದಿದ್ದರೆ ದಿನಾ ಬಂದು ಅದೇ ಕುರ್ಚಿಯಲ್ಲಿ ಯಾಕೆ ಕೂರ್ತಾನೆ? ಅವಳೇ ಹೇಳಲಿ ಅಂತ ಕಾಯ್ತಾನೆ."

"ಕಥಾಸಾರದಲ್ಲಿ ನೀವು ಅದನ್ನು ಬರೆದಿಲ್ಲ."

"ಅದು ಕಥೆಯಲ್ಲಿಲ್ಲ. ಅದು ನನಗೆ ಅನ್ನಿಸಿದ್ದು."

"ನನಗೆ ಹಾಗನ್ನಿಸಲಿಲ್ಲ ಚೇಚಿ."

"ಅನ್ನಿಸದಿದ್ದರೆ ಬಿಡು. ಆದರೆ ಅವನು ಮೂರನೆಯ ದಿನ ಕಾಫಿ ಕುಡಿಯದೆ ಎದ್ದುಹೋಗ್ತಾನಲ್ಲ, ಅದನ್ನು ನೋಡಿದೆಯಾ ಇಲ್ಲವಾ?"

ಬಸ್ಸು ಬಂತು. ನಿಂತು, ಕಂಡಕ್ಟರ್ ಬಾಗಿಲು ಬಡಿದು, ಹೋಯಿತು. ದಾಕ್ಷಾಯಣಿಯ ದನಿ ಏರಿತ್ತು. ಸ್ಟಾಪಿನಲ್ಲಿ ನಿಂತಿದ್ದ ಇನ್ನಿಬ್ಬರು ಅವಳ ಮುಖ ನೋಡಿದರು. ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಕುಡಿಯದೆ ಬಿಟ್ಟ ಆ ಕಾಫಿ ಮೇಜಿನ ಮೇಲೆ ಎಲ್ಲಿತ್ತು ಎಂದು ಬೆರಳಿನಿಂದ ಗಾಳಿಯಲ್ಲಿ ತೋರಿಸತೊಡಗಿದಳು.